ದೊಡ್ಡಕ್ಕನ ಗಂಟಲು

ನಮ್ಮ ಮನೆಯಲ್ಲಿ ಟಿವಿ ಒಂದೇ, ಅಭಿಪ್ರಾಯ ನಾಲ್ಕು. ಜನ ಐವರಿದ್ದೇವೆ. ಐದನೆಯವಳು ನಾನು. ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ನಾನಾಗಿ ಹೇಳಿಯೂ ಇರಲಿಲ್ಲ.

ಸಂಜೆ ಏಳೂವರೆಗೆ ಅತ್ತೆ ಮರುದಿನದ ತರಕಾರಿಯನ್ನು ಮಡಿಲಿಗೆ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂರುತ್ತಾರೆ. ಬೀನ್ಸಿನ ನಾರು ತೆಗೆಯುತ್ತಲೇ ತೀರ್ಪು ಕೊಡುತ್ತಾರೆ. ಮಾವ ಪೇಪರಿನ ಹಿಂದಿನಿಂದ ಅದಕ್ಕೆ ಮೇಲ್ಮನವಿ ಸಲ್ಲಿಸುತ್ತಾರೆ. ನಾದಿನಿ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು, ಕಾಲು ಚಾಚಿ, ಒಂದು ಕಣ್ಣು ಟಿವಿಯ ಮೇಲೆ ಒಂದು ಕಣ್ಣು ಫೋನಿನ ಮೇಲೆ ಇಟ್ಟಿರುತ್ತಾಳೆ. ನನ್ನ ಗಂಡ ಲಿಫ್ಟ್ ರಿಪೇರಿಯವರು. ದಿನವಿಡೀ ಬೇರೆಯವರ ಕಟ್ಟಡದಲ್ಲಿ ಮೇಲೆ ಕೆಳಗೆ ಓಡಾಡಿ ಬಂದವರು ಹೆಚ್ಚು ಮಾತಾಡುವುದಿಲ್ಲ. ಆಡಿದರೆ ಒಂದೇ ಮಾತು, ಅದೂ ನಾಟುವಂಥದ್ದು.

"ಈಗಿನ ಹಾಡು ಒಂದೂ ಪೂರ್ತಿ ಇರಲ್ಲ" ಎನ್ನುತ್ತಾರೆ ಮಾವ. "ನಾನು ಕನ್ನಡಕ ಹುಡುಕೋದ್ರೊಳಗೆ ಮುಗಿದೇ ಹೋಗಿರುತ್ತೆ."

"ಹಾಡು ಕೇಳೋಕೆ ಕನ್ನಡಕ ಯಾಕ್ರೀ?" ಎನ್ನುತ್ತಾರೆ ಅತ್ತೆ.

"ಅಪ್ಪಂಗೆ ಹಾಡೋರ ಮುಖಾನೂ ನೋಡ್ಬೇಕಮ್ಮ" ಎನ್ನುತ್ತಾಳೆ ನಾದಿನಿ.

ಹಾಡಿನ ಸ್ಪರ್ಧೆ ಬಂದರೆ, ಹಾಡಿದವರಿಗಿಂತ ಮಾರ್ಕು ಹಾಕುವವರೇ ಜಾಸ್ತಿ ಅಳುತ್ತಾರೆ ಎಂದು ಅತ್ತೆಗೆ ಸಿಟ್ಟು. ಸಿನಿಮಾ ಬಂದರೆ, ಈ ಹೀರೋ ಮಗಳ ವಯಸ್ಸಿನವಳ ಹಿಂದೆ ಓಡುತ್ತಾನಲ್ಲ, ಮಂಡಿ ನೋಯುವುದಿಲ್ಲವೇ ಎಂದು ಕೇಳುತ್ತಾರೆ. "ಓಡೋದು ಅವನಲ್ಲ, ಡೂಪು. ಮಂಡಿ ನೋವು ಡೂಪಿಗೆ" ಎಂದು ನನ್ನವರು ಕೈ ತೊಳೆಯಲು ಎದ್ದುಹೋಗುತ್ತಾರೆ.

ಇದನ್ನೆಲ್ಲ ಕೇಳುತ್ತಾ ಬಡಿಸುವುದು ನನ್ನ ಪಾಲು. ಮೊದಲು ಇದರಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಆ ಟಿವಿಯೊಳಗೆ ನಾನೇ ಸೇರಿಕೊಂಡ ಮೇಲೆ ಶುರುವಾಯಿತು.

ನನಗೆ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ. ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿ. ಬೇರೆ ದೇಶದ ಸೀರಿಯಲ್‌ಗಳಿಗೆ ಅಲ್ಲಿ ಕನ್ನಡದ ದನಿ ಕೂರಿಸುತ್ತಾರೆ. ನಾನು ಸಾಲು ಬರೆಯುವವಳು. ಅರ್ಥ ಸರಿಯಿದ್ದರೆ ಸಾಲದು, ತೆರೆಯ ಮೇಲೆ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ತುಟಿ ಮುಚ್ಚಬೇಕು. ಅಲ್ಲಿಗೆ ಪ, ಬ, ಮ ಇರುವ ಮಾತು ಹುಡುಕಬೇಕು. ಬಾಯಿ ಅಗಲವಾದರೆ ಆ, ದುಂಡಾದರೆ ಓ. ಡಿಗ್ರಿ ಮಾಡಿದ್ದು ಸಂಜೆ ಕಾಲೇಜಿನಲ್ಲಿ, ಹಗಲು ಔಷಧದ ಬಾಟಲಿಗೆ ಲೇಬಲ್ ಅಂಟಿಸುವ ಕೆಲಸ ಮಾಡಿಕೊಂಡು. ಅದಕ್ಕೋ ಏನೋ, ಹಗಲು ಓದಿದವರಿಗೆ ಯಾವುದೋ ಒಂದು ಪಾಠ ಆಗಿದೆ, ಅದು ಮಾತ್ರ ನನಗೆ ತಪ್ಪಿದೆ ಎಂಬ ಅನುಮಾನ ಇಂದಿಗೂ ಹೋಗಿಲ್ಲ. ಯಾರು ಏನು ಹೇಳಿದರೂ ಆ ತಪ್ಪಿಹೋದ ಪಾಠವೇ ಇರಬಹುದು ಎಂದು ಕಿವಿಗೊಡುತ್ತೇನೆ.

ನಾವು ಮಾಡುತ್ತಿದ್ದ ಸೀರಿಯಲ್‌ನಲ್ಲಿ ಒಂದು ಹೋಟೆಲ್ ಮನೆತನ. ಅಪ್ಪ ಸತ್ತ ಮೇಲೆ ಹಿರಿಯ ಮಗಳು ತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಹಾಕುತ್ತಾಳೆ. ಅವಳ ಮೂಲ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳದ ಕಾರಣ ನಾವು ಅವಳನ್ನು ದೊಡ್ಡಕ್ಕ ಎಂದೇ ಮಾಡಿದ್ದೆವು. ದೊಡ್ಡಕ್ಕನಿಗೆ ದನಿ ಕೊಡುತ್ತಿದ್ದವರು ಗಂಡನಿಗೆ ವರ್ಗವಾಯಿತೆಂದು ಇದ್ದಕ್ಕಿದ್ದಂತೆ ಊರು ಬಿಟ್ಟರು. ಅಂದು ಬೆಳಿಗ್ಗೆ ಡಬ್ಬಿಂಗ್ ನಡೆಸುವ ಮೇಡಂ ನನ್ನ ಮೇಜಿನ ಹತ್ತಿರ ಬಂದರು.

"ಸಾಲು ಬರೆದೋಳು ನೀನೇ ಅಲ್ವಾ? ಎಲ್ಲಿ ಉಸಿರು ತಗೋಬೇಕು ಅಂತ ನಿಂಗೊತ್ತು. ಇವತ್ತೊಂದಿನ ನೀನೇ ಹೇಳ್ಬಿಡು, ಏಳು."

ಹೆದರುವುದಕ್ಕೂ ಪುರುಸೊತ್ತು ಕೊಡಲಿಲ್ಲ. ಗಾಜಿನ ಕೋಣೆಯೊಳಗೆ ನಿಂತೆ. ತೆರೆಯ ಮೇಲೆ ದೊಡ್ಡಕ್ಕ ಕಿರಿಯ ತಮ್ಮನ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ, ತುಟಿ ಅಲ್ಲಾಡಿತೋ ಇಲ್ಲವೋ ಎನ್ನುವ ಹಾಗೆ ಎರಡು ಮಾತು ಆಡಿದಳು. ನಾನು ಹಿಂದಿನ ವಾರ ಬರೆದಿದ್ದ ಸಾಲು: "ಮನೆ ನನ್ನದು. ಬಾಗಿಲು ನಿನ್ನದು."

ಹೊಟ್ಟೆಯ ತಳದಿಂದ ಎಲ್ಲಿಯದೋ ಒಂದು ದನಿ ಬಂತು. ಒರಟು, ಅಂಚಿನಲ್ಲಿ ಸ್ವಲ್ಪ ಸೀಳು. ಗಾಜಿನಾಚೆ ರೆಕಾರ್ಡ್ ಮಾಡುವವನು ಹೆಡ್‌ಫೋನ್ ಸರಿಸಿ ನನ್ನ ಮುಖ ನೋಡಿದ. ಎಂಥ ಸಣ್ಣ ಸದ್ದನ್ನೂ ಹಿಡಿಯುತ್ತಾನೆಂದು ನಾವೆಲ್ಲ ಅವನನ್ನು ಕಿವಿ ಎಂದೇ ಕರೆಯುತ್ತೇವೆ. "ಅಕ್ಕಾ, ಇದು ಎಲ್ಲಿತ್ತು?" ಎಂದ.

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಮನೆಯಲ್ಲಿ ನನ್ನ ದನಿ "ಇನ್ನೊಂಚೂರು ಬಡಿಸ್ಲಾ?" ಎನ್ನುವಷ್ಟರದು.

ಮೇಡಂ ಹೇಳಿದರು: "ಈ ತಿಂಗಳು ನೀನೇ ಮಾಡು. ಚಾನೆಲ್‌ನವರು ಕೇಳಿ ಹೇಳ್ತಾರೆ, ನಿನ್ನ ಇಟ್ಕೊಳ್ಳೋದಾ, ಅವರೇ ಬೇರೆ ಯಾರನ್ನಾದ್ರೂ ಕಳಿಸೋದಾ ಅಂತ."

ನನಗೆ ಅದು ಬೇಕು ಎನ್ನಿಸಿತು. ಅಷ್ಟು ವರ್ಷ ನಾನು ಬರೆದ ಸಾಲುಗಳೆಲ್ಲ ಬೇರೆಯವರ ಬಾಯಿಗೆ ಹೋಗಿದ್ದವು. ಹೋಗಲಿ ಎಂದೇ ಬರೆದಿದ್ದೆ. ಒಮ್ಮೆ ನನ್ನ ಬಾಯಿಂದ ಬಂದ ಮೇಲೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹೀಗೆ ಯಾವುದಾದರೂ ಬೇಕು ಎನ್ನಿಸಿದ ಕೂಡಲೇ ನನಗೆ ಹೆದರಿಕೆ ಶುರುವಾಗುತ್ತದೆ.

ದೊಡ್ಡಕ್ಕನ ಗಂಡನ ದನಿ ಕಂಚಣ್ಣನದು. ಕಂಚಿನ ಕಂಠ ಎಂದು ಅವರಿಗೆ ಆ ಹೆಸರು. ಸ್ಟುಡಿಯೋ ಶುರುವಾದಾಗಿನಿಂದ ಇದ್ದಾರೆ. ಚಹಾ ಲೋಟ ಹಿಡಿದು ನನಗೊಂದು ಬುದ್ಧಿಮಾತು ಹೇಳಿದರು.

"ನೋಡು ತಂಗಿ, ಮನೇಲಿ ಹೇಳೋಕೆ ಹೋಗ್ಬೇಡ. ಹೇಳಿದ್ರೂ ಅವ್ರ ಮಾತಿಗೆ ಕಿವಿ ಕೊಡ್ಬೇಡ. ನನ್ನ ಹೆಂಡ್ತಿ ಇವತ್ತಿನವರೆಗೆ ನನ್ನ ಒಂದು ಸೀರಿಯಲ್ ನೋಡಿಲ್ಲ. ಅದಕ್ಕೇ ಸಂಸಾರ ನೆಟ್ಟಗಿದೆ."

ಆದರೂ ಹೇಳಬೇಕೆಂದೇ ಇದ್ದೆ. ನಾವು ರೆಕಾರ್ಡ್ ಮಾಡಿದ್ದು ಟಿವಿಯಲ್ಲಿ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ನನ್ನ ದನಿ ಮೊದಲು ಬರುವ ದಿನ ಎಲ್ಲರ ತಟ್ಟೆಗೂ ಬಡಿಸಿ, ಸೀರಿಯಲ್ ಮುಗಿದ ಮೇಲೆ, ಏನೂ ದೊಡ್ಡ ವಿಷಯ ಅಲ್ಲ ಎನ್ನುವ ಹಾಗೆ ಹೇಳುವುದೆಂದು ಯೋಚಿಸಿದ್ದೆ. ಬಚ್ಚಲಲ್ಲಿ ಎರಡು ಸಲ ಹೇಳಿಕೊಂಡೂ ನೋಡಿದ್ದೆ.

ಆ ದಿನ ದೊಡ್ಡಕ್ಕ ಪೆಟ್ಟಿಗೆ ಸರಿಸಿ ಬಾಯಿ ಬಿಟ್ಟಳು. ಅತ್ತೆಯ ಕೈ ಬೀನ್ಸಿನ ಮೇಲೆ ನಿಂತಿತು.

"ಇದ್ಯಾರೇ ಹೊಸಬಳು? ಕಾಗೆಗೆ ನೆಗಡಿ ಆದ ಹಾಗಿದೆ!"

"ಹಳಬಳು ಚೆನ್ನಾಗಿದ್ದಳು" ಎಂದರು ಮಾವ.

"ಲಿಫ್ಟಿನ ಬೆಲ್ಟ್ ಸವೆದ್ರೆ ಹೀಗೇ ಕೇಳ್ಸುತ್ತೆ" ಎಂದರು ನನ್ನವರು.

ನಾದಿನಿ ನಗುತ್ತಾ ನನ್ನ ಕಡೆ ತಿರುಗಿದಳು. "ಅತ್ತಿಗೆ, ನಿಮ್ಮ ಸ್ಟುಡಿಯೋದೇ ಅಲ್ವಾ ಇದು? ಯಾರು ಈ ಮಹಾತಾಯಿ?"

"ಯಾರೋ ಹೊಸಬರು" ಎಂದೆ. "ಇನ್ನೊಂಚೂರು ಬಡಿಸ್ಲಾ?"

ಮರುದಿನ ಗಾಜಿನ ಕೋಣೆಗೆ ಹೋದಾಗ ಕಾಗೆ ನನ್ನ ಜೊತೆಯಲ್ಲೇ ಬಂದಿತ್ತು. ದನಿಯನ್ನು ಒಂದು ಮೆಟ್ಟಿಲು ಇಳಿಸಿದೆ, ಅಂಚನ್ನು ಒರೆಸಿದೆ. ಕಿವಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಡಂಗೆ ಫೋನ್ ಬಂತು. ಅಂದಿನ ಕೆಲಸ ಹಾಗೇ ಮುಗಿಯಿತು.

ಅಂದು ಸಂಜೆ ಟಿವಿಯಲ್ಲಿ ಬಂದದ್ದು ಹಳೆಯ ಒರಟು ದನಿಯದೇ ಸಂಚಿಕೆ. ಬರಬೇಕಾದದ್ದೇ ಅದು. ಆದರೆ ಈ ಸಲ ನಾದಿನಿ, "ಇವಳು ಮಾತು ಎಳೀತಾಳಪ್ಪ, ಒಂದು ಬೈಗುಳ ಮುಗಿಯೋದ್ರೊಳಗೆ ನಾನು ಹಲ್ಲುಜ್ಜಿ ಬರಬಹುದು" ಎಂದಳು. ಹಾಗಾಗಿ ಮರುದಿನ ಬೇಗ ಬೇಗ ಹೇಳಿದೆ. ಮಾವ, "ಕೋಪ ಬಂದೋರು ಕಿರಿಚಲ್ಲ, ಮೆಲ್ಲಗೆ ಮಾತಾಡ್ತಾರೆ. ನಮ್ಮ ಹೆಡ್‌ಕ್ಲಾರ್ಕ್ ಹಾಗೇ ಇದ್ದ" ಎಂದರು. ನಾನು ಹೆಡ್‌ಕ್ಲಾರ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಸಂಚಿಕೆ ಪಿಸುಗುಟ್ಟಿದೆ. ಬೆಲ್ಟ್ ಸವೆದದ್ದಕ್ಕೆ ಏನು ಮಾಡಬೇಕೆಂದು ತಿಳಿಯದೆ ಬಿಸಿನೀರು ಕುಡಿದೆ.

ಅಭಿಪ್ರಾಯ ಇಂದಿನದು, ಅದು ಹುಟ್ಟಿದ್ದು ಹನ್ನೆರಡು ದಿನ ಹಿಂದಿನ ದನಿಯಿಂದ, ನಾನು ತಿದ್ದುತ್ತಿರುವುದು ಇನ್ನೂ ಹನ್ನೆರಡು ದಿನ ಬಿಟ್ಟು ಬರುವ ಸಂಚಿಕೆ. ಈ ಲೆಕ್ಕ ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಕೆಲಸದಲ್ಲಿರುವವಳಿಗೆ ಗೊತ್ತಿಲ್ಲದಿರಲು ಹೇಗೆ ಸಾಧ್ಯ? ಆದರೆ ಸಂಜೆ ತಟ್ಟೆ ಹಿಡಿದು ನಿಂತಾಗ ಅವರು ಹೇಳಿದ್ದು ಅಂದು ಬೆಳಿಗ್ಗೆ ನಾನು ಮಾಡಿದ್ದಕ್ಕೇ ಎನ್ನುವ ಹಾಗೆ ನಾಟುತ್ತಿತ್ತು.

ತಿದ್ದಿದ್ದು ಒಂದೊಂದಾಗಿ ಟಿವಿಗೆ ಬರತೊಡಗಿತು. ಸೋಮವಾರ ದೊಡ್ಡಕ್ಕ ಗುಡುಗಿದಳು. ಮಂಗಳವಾರ ಆಸ್ಪತ್ರೆಯಲ್ಲಿ ರೋಗಿಯನ್ನು ವಿಚಾರಿಸುವವಳ ಹಾಗೆ ಮೃದುವಾದಳು. ಬುಧವಾರ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಮಾತಾಡಿದಳು. ಅದೇ ಉಡುಪು, ಅದೇ ಹೋಟೆಲಿನ ಅದೇ ಮೆಟ್ಟಿಲು. ಗುರುವಾರ ಬೆಳಿಗ್ಗೆ ಮೇಡಂ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಚಾನೆಲ್‌ನೋರು ಫೋನ್ ಮಾಡಿದ್ರು. ದೊಡ್ಡಕ್ಕನ್ನ ಎಷ್ಟು ಜನ ಮಾಡ್ತಿದೀರಿ ಅಂತ ಕೇಳಿದ್ರು. ಒಬ್ಬಳೇ ಅಂದೆ. ನಗಾಡಿದ್ರು." ಮೇಡಂ ನಗಲಿಲ್ಲ. "ಏನಮ್ಮ ಇದು? ಆರೋಗ್ಯ ಸರಿ ಇಲ್ವಾ?"

"ಸರಿ ಇದೆ ಮೇಡಂ. ಇನ್ನೂ ಚೆನ್ನಾಗಿ ಮಾಡೋಣ ಅಂತ…"

"ಇನ್ನೂ ಚೆನ್ನಾಗಿ ಅಂತ ಯಾರು ಕೇಳಿದ್ರು ನಿನ್ನ?" ಎಂದವರು ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಇನ್ನೂ ಪ್ರಸಾರ ಆಗದ ಸಂಚಿಕೆಗಳನ್ನ ನಾಳೆ ಮತ್ತೆ ಮಾಡೋಣ. ಒಂದು ದನಿ. ಯಾವುದು ಅಂತ ನೀನೇ ನಿರ್ಧಾರ ಮಾಡ್ಕೊಂಡು ಬಾ. ಅದನ್ನ ಕಳಿಸ್ತೀನಿ. ಅವರಿಗೆ ಹಿಡಿಸಿದ್ರೆ ಪಾತ್ರ ನಿಂದು. ಇಲ್ಲಾಂದ್ರೆ ಸೋಮವಾರದಿಂದ ಬೇರೆಯೋರು ಬರ್ತಾರೆ, ನೀನು ನಿನ್ನ ಮೇಜಿಗೆ ವಾಪಸ್ಸು."

ಯಾವುದು ಎಂದು ನನಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಮೂರು ದನಿ ಕೇಳಿರುವವರು ಮನೆಯಲ್ಲೇ ಇದ್ದಾರೆ, ನಾಲ್ಕನೆಯದು ಈ ಸಂಜೆ ಬರುತ್ತದೆ. ಕೇಳಿಬಿಡುವುದೇ ಸರಿ. ಕೇಳಬೇಕಾದರೆ ಹೇಳಲೇಬೇಕು.

ಆ ಸಂಜೆ ಬಂದದ್ದು ಹೆಡ್‌ಕ್ಲಾರ್ಕ್ ದೊಡ್ಡಕ್ಕ. ಎರಡನೇ ತಮ್ಮನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಪಿಸುಗುಡುತ್ತಿದ್ದಳು.

"ವಾಲ್ಯೂಮ್ ಜಾಸ್ತಿ ಮಾಡೇ" ಎಂದರು ಅತ್ತೆ. "ಇವಳಿಗೇನು ಬಂತು ರೋಗ? ಮೊನ್ನೆ ಹುಲಿ ಥರ ಇದ್ದೋಳು ಇವತ್ತು ಬ್ಯಾಂಕಲ್ಲಿ ಟೋಕನ್ ಕೇಳೋ ಹಾಗೆ ಮಾತಾಡ್ತಾಳೆ."

"ಕೋಪ ಬಂದ್ರೆ ಜೋರಾಗಿ ಹೇಳ್ಬೇಕು" ಎಂದರು ಮಾವ. ಹೆಡ್‌ಕ್ಲಾರ್ಕ್ ಅವರಿಗೆ ಮರೆತೇ ಹೋಗಿದ್ದ.

"ನಾಲ್ಕು ಜನ ಸೇರಿ ಮಾಡ್ತಿದಾರಂತೆ. ಫೋನಲ್ಲೆಲ್ಲ ಅದೇ ತಮಾಷೆ" ಎಂದಳು ನಾದಿನಿ.

"ನಾಲ್ಕು ಜನ ಅಲ್ಲ" ಎಂದೆ. "ಒಬ್ಬಳೇ. ನಾನು."

ಟಿವಿಯಲ್ಲಿ ಶಾಂಪೂ ಜಾಹೀರಾತು ಶುರುವಾಗಿತ್ತು. ಮಾವ ಪೇಪರ್ ಇಳಿಸಿದರು.

"ನೀನು ಅಂದ್ರೆ?" ಎಂದರು ಅತ್ತೆ.

"ದೊಡ್ಡಕ್ಕ. ದನಿ ನನ್ನದು."

"ಸುಮ್ನಿರಿ ಅತ್ತಿಗೆ. ಎಲ್ಲಿ, ಹೇಳಿ ನೋಡೋಣ."

ಪಾತ್ರೆಯನ್ನು ಕೆಳಗಿಟ್ಟೆ. ಗಂಡನ ಎದುರು ನಿಂತಿದ್ದೆ. ಬೇರೆ ಎಲ್ಲಿ ನೋಡಬೇಕೆಂದು ಗೊತ್ತಾಗದೆ ಅವರನ್ನೇ ನೋಡಿ ಹೇಳಿದೆ: "ಮನೆ ನನ್ನದು. ಬಾಗಿಲು ನಿನ್ನದು."

ಅವರು ನಿಜವಾಗಿಯೂ ಒಮ್ಮೆ ಬಾಗಿಲ ಕಡೆ ನೋಡಿದರು. ಅತ್ತೆಯ ಮಡಿಲಿನಿಂದ ಬೀನ್ಸು ಕೆಳಗೆ ಚೆಲ್ಲಿತು.

ನಾನು ಆಯ್ದುಕೊಡುತ್ತಲೇ ವಿಷಯವೆಲ್ಲ ಹೇಳಿದೆ. ನಾಳೆ ಮತ್ತೆ ರೆಕಾರ್ಡಿಂಗ್ ಇದೆ, ಒಂದೇ ದನಿ ಇರಬೇಕು, ಚಾನೆಲ್‌ನವರಿಗೆ ಹಿಡಿಸದಿದ್ದರೆ ಪಾತ್ರ ಹೋಗುತ್ತದೆ, ನನಗೆ ಆ ಪಾತ್ರ ಬೇಕು ಎಂದೆ. ಬೇಕು ಎಂದು ಆ ಮನೆಯಲ್ಲಿ ನಾನು ಹಿಂದೆಂದಾದರೂ ಹೇಳಿದ್ದು ನೆನಪಿಲ್ಲ.

"ನೀವು ನಾಲ್ಕೂ ಕೇಳಿದೀರಿ. ಯಾವುದು ಚೆನ್ನಾಗಿತ್ತು? ನಿಜ ಹೇಳಿ."

ಶಾಂಪೂ ಮುಗಿದು ಸೋಪು ಬಂತು.

"ಎಲ್ಲಾ ಚೆನ್ನಾಗಿತ್ತಮ್ಮ" ಎಂದರು ಅತ್ತೆ.

"ಕಾಗೆಗೆ ನೆಗಡಿ ಆದ ಹಾಗಿದೆ ಅಂದಿರಿ."

"ಅಂದೆ. ಕಾಗೇನೂ ಒಂದು ಹಕ್ಕೀನೇ ಅಲ್ವಾ? ಅದು ಕೂಗಿದ್ರೆ ಎಲ್ಲರೂ ತಿರುಗಿ ನೋಡ್ತಾರೆ."

"ದನಿಯಲ್ಲಿ ಒಂದು ತೂಕ ಇದೆ" ಎಂದರು ಮಾವ, ಯಾವುದೋ ಸನ್ಮಾನ ಸಭೆಯಲ್ಲಿ ಮಾತಾಡುವವರ ಹಾಗೆ.

"ನಾನು ಸುಮ್ನೆ ತಮಾಷೆಗೆ ಅಂದಿದ್ದು ಅತ್ತಿಗೆ" ಎಂದಳು ನಾದಿನಿ. ಫೋನನ್ನು ಮಗುಚಿ ಇಟ್ಟಿದ್ದಳು.

ಗಂಡನ ಕಡೆ ನೋಡಿದೆ. ಅವರು ಒಂದೇ ಮಾತಿನವರು, ಅವರಾದರೂ ಹೇಳುತ್ತಾರೆ ಎಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡರು. "ಬೆಲ್ಟ್ ಅಂದಿದ್ದು ಒಳ್ಳೆ ಅರ್ಥದಲ್ಲೇ" ಎಂದರು.

ಜಾಹೀರಾತು ಮುಗಿದು ಸೀರಿಯಲ್ ಮತ್ತೆ ಬಂತು. ನಾಲ್ವರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ದೊಡ್ಡಕ್ಕ ಪಿಸುಗುಟ್ಟಿದಾಗಲೆಲ್ಲ ಅತ್ತೆ ತಲೆದೂಗಿದರು. ನನಗೆ ನಗು ಬಂತು. ಇನ್ನು ಈ ಮನೆಯಿಂದ ನನಗೆ ಒಂದು ನಿಜವಾದ ಅಭಿಪ್ರಾಯ ಸಿಗುವುದಿಲ್ಲ. ಸಿಗುತ್ತಿದ್ದಾಗಲೂ ಅದು ನನಗೆಂದು ಹೇಳಿದ್ದಲ್ಲ. ಅತ್ತೆ ಬೀನ್ಸಿನ ನಾರು ಎಸೆದ ಹಾಗೆ ಒಂದು ಮಾತು ಎಸೆದಿದ್ದರು, ಎಸೆದು ಮರೆತಿದ್ದರು. ನಾನು ಅದನ್ನು ಆಯ್ದುಕೊಂಡು ಹೋಗಿ ಹಗ್ಗ ಹೊಸೆಯಲು ಕೂತಿದ್ದೆ.

ಶುಕ್ರವಾರ ಬೇಗನೆ ಸ್ಟುಡಿಯೋಗೆ ಹೋದೆ. ಕಿವಿ ಒಬ್ಬನೇ ಇದ್ದ. ಟೈರ್ ಅಂಗಡಿಯವರು ಇನ್ನೂ ಶಟರ್ ಎತ್ತಿರಲಿಲ್ಲ, ಹಾಗಾಗಿ ಕಟ್ಟಡದಲ್ಲಿ ಸದ್ದಿರಲಿಲ್ಲ.

"ನಾಲ್ಕು ದನಿಯದೂ ಒಂದೊಂದು ತುಂಡು ಹಾಕಪ್ಪ" ಎಂದೆ. "ನಾನು ಹೊರಗೆ ಕೂತು ಕೇಳ್ತೀನಿ."

ಅವನ ಪಕ್ಕದ ಕುರ್ಚಿಯಲ್ಲಿ ಕೂತೆ. ಇದುವರೆಗೆ ನನ್ನ ದನಿಯನ್ನು ಕೇಳುವಾಗಲೆಲ್ಲ ಅದರಲ್ಲಿ ತಪ್ಪು ಹುಡುಕುತ್ತಿದ್ದೆ. ಅಂದು ಸೋಫಾದ ಮೇಲೆ ಕೂತವರ ಹಾಗೆ ಕೇಳಬೇಕೆಂದು ತೀರ್ಮಾನಿಸಿದ್ದೆ. ಮಡಿಲಿನಲ್ಲಿ ತರಕಾರಿ ಇರಲಿಲ್ಲ, ಅಷ್ಟೇ.

ಮೃದು ದನಿ ಬಂತು. "ಇವಳು ಕ್ಷಮಿಸಿ ಅಂತ ಕೇಳ್ಕೊಂಡು ತಮ್ಮನ್ನ ಹೊರಗೆ ಹಾಕ್ತಿದಾಳೆ" ಎಂದೆ.

ಕಿವಿ ನಕ್ಕ. ವೇಗದ್ದು ಹಾಕಿದ.

"ಇವಳಿಗೆ ಬಸ್ಸು ತಪ್ಪುತ್ತೆ."

ಪಿಸುಮಾತು ಹಾಕಿದ.

"ಇವಳ ಮಾತು ತಮ್ಮನಿಗೇ ಕೇಳಿಸಿಲ್ಲ. ಅದಕ್ಕೇ ಅವನು ಇನ್ನೂ ಅಲ್ಲೇ ನಿಂತಿದಾನೆ."

ಕೊನೆಯಲ್ಲಿ ಮೊದಲನೆಯದು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಗೆಯೂ ಇತ್ತು, ನೆಗಡಿಯೂ ಇತ್ತು. ಆದರೆ ಈ ಹೆಂಗಸಿಗೆ ತನ್ನ ದನಿ ಹೇಗಿದೆ ಎಂಬ ಯೋಚನೆಯೇ ಇರಲಿಲ್ಲ. ಮನೆ ಅವಳದಾಗಿತ್ತು.

"ಇವಳು ಇರಲಿ" ಎಂದೆ.

"ಖಂಡಿತಾನಾ ಅಕ್ಕ? ಮಧ್ಯಾಹ್ನ ಬೇರೆ ಅನ್ನಲ್ಲ ತಾನೆ?"

"ಅನ್ನಲ್ಲ."

ಹೇಳುವುದು ಸುಲಭವಾಗಿತ್ತು. ಒಳಗೆ ಹೋಗಿ ನಿಂತರೆ ಆ ದನಿ ಬರಲೊಲ್ಲದು. ಮೊದಲ ದಿನ ತಾನಾಗಿ ಬಂದದ್ದು, ಇಂದು ಕರೆದರೆ ವೇಷ ಹಾಕಿಕೊಂಡು ಬರುತ್ತಿತ್ತು. ಒಮ್ಮೆ ಹೇಳಿದೆ, ಇನ್ನೊಮ್ಮೆ ಹೇಳಿದೆ. ಮೇಡಂ ಬಂದು ಹಿಂದೆ ಕೈಕಟ್ಟಿ ನಿಂತರು. ಕಂಚಣ್ಣ ತಮ್ಮ ಸರದಿಗೆ ಕಾಯುತ್ತಾ ಗೋಡೆಗೆ ಒರಗಿದ್ದರು.

ಕಿವಿ ಗುಂಡಿ ಒತ್ತಿ ಒಳಗಿನ ಸ್ಪೀಕರಿನಲ್ಲಿ ಹೇಳಿದ: "ಅಕ್ಕಾ, ನೀವು ಮಾತಾಡ್ತಾನೇ ಕೇಳಿಸ್ಕೋತಿದೀರಿ. ಕೇಳಿಸ್ಕೊಳ್ಳೋದು ನನ್ನ ಕೆಲಸ. ನಂಗೇ ಬಿಡಿ."

ಒಂದು ಕಿವಿಯ ಹೆಡ್‌ಫೋನನ್ನು ಹಿಂದಕ್ಕೆ ಸರಿಸಿದೆ. ಆಮೇಲೆ ಇನ್ನೊಂದನ್ನೂ. ಈಗ ನನ್ನ ದನಿ ಗಾಜಿನಾಚೆಗೆ ಮಾತ್ರ ಹೋಗುತ್ತಿತ್ತು, ನನಗೆ ವಾಪಸ್ಸು ಬರುತ್ತಿರಲಿಲ್ಲ. ತೆರೆಯ ಮೇಲೆ ದೊಡ್ಡಕ್ಕನ ತುಟಿಯನ್ನಷ್ಟೇ ನೋಡಿದೆ. ಮುಚ್ಚಿದಾಗ ಮುಚ್ಚಿದೆ, ತೆರೆದಾಗ ತೆರೆದೆ. ಕಿವಿ ಹೆಬ್ಬೆರಳು ಎತ್ತಿದ. ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಊಟದ ಹೊತ್ತು ದಾಟಿದ್ದು ಯಾರಿಗೂ ನೆನಪಾಗಲಿಲ್ಲ, ಕಂಚಣ್ಣನೊಬ್ಬರಿಗೆ ಬಿಟ್ಟು. ಅವರು ಎರಡು ಸಲ ಬಂದು ಜ್ಞಾಪಿಸಿ ಹೋದರು.

ಶನಿವಾರ, ಭಾನುವಾರ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಅತ್ತೆ ನನಗೆ ಶುಂಠಿ ಹಾಕಿದ ಬಿಸಿನೀರು ತಂದಿಟ್ಟರು, ಅದರ ಬಗ್ಗೆಯೂ ಏನೂ ಹೇಳಲಿಲ್ಲ.

ಸೋಮವಾರ ಹತ್ತೂವರೆಗೆ ಚಾನೆಲ್‌ನಿಂದ ಮೆಸೇಜ್ ಬಂತು. ನಾವೆಲ್ಲ ಚಹಾ ಕುಡಿಯುತ್ತಿದ್ದೆವು. ಮೇಡಂ ಕನ್ನಡಕ ಏರಿಸಿಕೊಂಡು ಓದಿದರು.

"ದೊಡ್ಡಕ್ಕ ಓಕೆ. ಇದೇ ದನಿ ಮುಂದುವರಿಸಿ."

ಕಿವಿ ಮೇಜು ತಟ್ಟಿದ. ನನಗೆ ಏನು ಮಾಡಬೇಕೆಂದು ತಿಳಿಯದೆ ಎಲ್ಲರ ಲೋಟಕ್ಕೂ ಇನ್ನಷ್ಟು ಚಹಾ ಹಾಕಲು ಹೋದೆ.

"ನಿಲ್ಲು, ಇನ್ನೂ ಇದೆ" ಎಂದರು ಮೇಡಂ. ದನಿ ಸ್ವಲ್ಪ ತಗ್ಗಿತು. "ಗಂಡನ ಪಾತ್ರದ ದನಿ ತುಸು ಹಳೆಯ ಕಾಲದ್ದು ಅನ್ನಿಸುತ್ತೆ ಅಂತ ನಮ್ಮಲ್ಲಿ ಇಬ್ಬರು ಅಂದರು. ಸುಮ್ಮನೆ ಗಮನಕ್ಕೆ, ಅಂತಾರೆ."

ಕಂಚಣ್ಣ ಲೋಟದೊಳಗೆ ಚಮಚ ತಿರುಗಿಸುತ್ತಲೇ ಇದ್ದರು. ಸಕ್ಕರೆ ಯಾವಾಗಲೋ ಕರಗಿತ್ತು. "ಹೇಳೋರು ಏನೂ ಹೇಳ್ತಾರೆ ಬಿಡಿ" ಎಂದು ಎದ್ದರು.

ನಾನು ಹಾಳೆಗಳನ್ನು ಎತ್ತಿಕೊಂಡು ಹೊರಡುವಾಗ ಪ್ಯಾಸೇಜಿನಲ್ಲಿ ನನಗಾಗಿ ನಿಂತಿದ್ದರು.

"ತಂಗಿ, ನಿಮ್ಮನೇಲಿ ಸೀರಿಯಲ್ ನೋಡ್ತಾರಲ್ವಾ?"

"ನೋಡ್ತಾರೆ."

"ಅಲ್ಲ, ಸುಮ್ನೆ ಕೇಳ್ತೀನಿ. ನನ್ನ ಬಗ್ಗೆ ಏನಂತಾರೆ?"

ನಮ್ಮ ಮಾವ ಅಂದದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಈ ಗಂಡ ಹೆಂಡತಿ ಹತ್ತಿರ ಮಾತಾಡ್ತಾನೋ, ಪ್ಲಾಟ್‌ಫಾರಮ್ಮಿನಲ್ಲಿ ರೈಲು ಬಂತು ಅಂತ ಕೂಗ್ತಾನೋ ಎಂದಿದ್ದರು. ಅತ್ತೆ ಅದಕ್ಕಿಂತ ಖಾರವಾಗಿ ಏನೋ ಹೇಳಿದ್ದರು. ಕಂಚಣ್ಣ ನನ್ನ ಬಾಯನ್ನೇ ನೋಡುತ್ತಿದ್ದರು.

"ನಮ್ಮನೇಲಿ ಆ ಹೊತ್ತಿಗೆ ತರಕಾರಿ ಹೆಚ್ತಾ ಇರ್ತಾರೆ ಕಂಚಣ್ಣ" ಎಂದೆ. "ಯಾರು ಸರಿಯಾಗಿ ಕೇಳಿಸ್ಕೋತಾರೆ?"

"ಅದೂ ಸರಿ" ಎಂದರು. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ನಾವಿಬ್ಬರೂ ಗಾಜಿನ ಕೋಣೆಗೆ ಹೋದೆವು. ಆ ದಿನದ ಮೊದಲ ದೃಶ್ಯ ಗಂಡ ಹೆಂಡತಿಯದೇ, ಮೊದಲ ಮಾತು ಅವರದು. ಕೆಂಪು ದೀಪ ಹತ್ತಿತು. ಕಂಚಣ್ಣ ಗಂಟಲು ಸರಿಮಾಡಿಕೊಂಡು ಸಾಲು ಹೇಳಿದರು, ಯಾವತ್ತಿಗಿಂತ ಒಂದು ಮೆಟ್ಟಿಲು ಕೆಳಗೆ, ಮೆತ್ತಗೆ, ಯಾರದೋ ಮನೆಯ ಬಾಗಿಲು ತಟ್ಟುವವರ ಹಾಗೆ.

ನಾನು ನನ್ನ ಮಾತು ಹೇಳದೆ ನಿಂತೆ. ಗಾಜಿನಾಚೆ ಕಿವಿ ರೆಕಾರ್ಡಿಂಗ್ ನಿಲ್ಲಿಸಿ, ಗುಂಡಿ ಒತ್ತಿದ.

"ಕಂಚಣ್ಣ, ಇನ್ನೊಂದ್ಸಲ. ಯಾವಾಗ್ಲೂ ಹೇಳೋ ಥರಾನೇ ಹೇಳಿ."